ವಾಲ್ವ್ ಸಿಂಥ್‌ಗೆ 200 ವೋಲ್ಟ್: ನೋಟ್ ಒತ್ತಿದ ಕೂಡಲೇ ಶ್ರುತಿ ಇಳಿಯುತ್ತದೆ, ತಳದಲ್ಲಿ ಗೊರಗೊರ

ತಂತಿಮನೆ

ಯೂರೋರ‍್ಯಾಕ್ (ಸಿಂಥ್ ಮಾಡ್ಯೂಲ್‌ಗಳನ್ನು ಜೋಡಿಸುವ ಚೌಕಟ್ಟು) ಕೇಸಿನಲ್ಲಿ ಕೂರುವ ವಾಲ್ವ್ ವಾಯ್ಸ್ (ಒಂದು ಸ್ವರ ನುಡಿಸುವ ಪೂರ್ತಿ ಸರ್ಕ್ಯೂಟ್) ಒಂದಕ್ಕೆ ಹೈವೋಲ್ಟೇಜ್ ಸಪ್ಲೈ ಬೇಕು. ಆಸಿಲೇಟರ್ ಎರಡು, ಎರಡೂ 2ಡಿ21 ಥೈರಾಟ್ರಾನ್ (ಗ್ಯಾಸ್ ತುಂಬಿದ, ಸ್ವಿಚ್‌ನಂತೆ ಹೊತ್ತಿಕೊಳ್ಳುವ ವಾಲ್ವ್). ಮಿಕ್ಸರ್‌ಗೆ 12ಎಎಕ್ಸ್7 ಒಂದು, ವಿಸಿಎಗೆ (ಧ್ವನಿಯ ಮಟ್ಟವನ್ನು ವೋಲ್ಟೇಜ್‌ನಿಂದ ಏರಿಳಿಸುವ ಭಾಗ) 12ಎಯು7 ಒಂದು. 2ಡಿ21 ಹೀಟರ್‌ಗಳು 6.3 ವೋಲ್ಟ್ 600 ಮಿಲಿಆಂಪ್, ಅವೆರಡನ್ನೂ ಸರಣಿಯಲ್ಲಿ ಹಾಕಿ ಕೇಸಿನ +12 ವೋಲ್ಟ್‌ಗೆ ಕೊಟ್ಟಿದೆ. ಉಳಿದೆರಡಕ್ಕೆ ತಲಾ 150 ಮಿಲಿಆಂಪ್. ಪ್ಲೇಟ್ ಕಡೆಗೆ 200 ವೋಲ್ಟ್, ಒಟ್ಟು 20 ಮಿಲಿಆಂಪ್ ಸಿಕ್ಕರೆ ಧಾರಾಳ.

ಈಗ ಇರುವುದು ನಿಕ್ಸಿ (ಅಂಕಿ ಹೊಳೆಯುವ ಹಳೇ ಗ್ಯಾಸ್ ಟ್ಯೂಬ್) ಗಡಿಯಾರಕ್ಕೆಂದು ಮಾರುವ ಎಂಸಿ34063 ಬೋರ್ಡ್, 12 ವೋಲ್ಟನ್ನು 200ಕ್ಕೆ ಏರಿಸುವ ಸ್ವಿಚಿಂಗ್ ಕನ್ವರ್ಟರ್. ಗಲಾಟೆ ಕಡಿಮೆಯಾಗಲಿ ಅಂತ ಅದರ ಔಟ್‌ಪುಟ್ ಕಡೆ 1 ಕೆ (ಕಿಲೋಓಮ್) ರೆಸಿಸ್ಟರ್, 22 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದೆ. ತೊಂದರೆ ಮೂರು:

ನೋಟ್ ಒತ್ತಿ ವಿಸಿಎ ತೆರೆದ ಕೂಡಲೇ ಶ್ರುತಿ ಇಳಿಯುತ್ತದೆ. ಆಗ ಮೀಟರ್ 198.4ರಿಂದ 196.3ಕ್ಕೆ ಬರುತ್ತದೆ.

ಧ್ವನಿಯ ತಳದಲ್ಲಿ ಒಂದು ಗೊರಗೊರ. 50 ಅಥವಾ 100 ಹರ್ಟ್ಸ್ ಹಮ್ ಅಲ್ಲ. ಲೋಡ್ ಬದಲಾದರೆ ಅದರ ಸ್ವರವೂ ಬದಲಾಗುತ್ತದೆ.

ಇಂಥದ್ದೇ ಬೋರ್ಡ್ ಇರುವ ಇನ್ನೊಂದು ಮಾಡ್ಯೂಲ್ ಆನ್ ಮಾಡಿದರೆ ಸಣ್ಣಗೆ ಶಿಳ್ಳೆ ಕೇಳಿಸುತ್ತದೆ.

ಸ್ಟಾರ್‌ಗ್ರೌಂಡ್

ಮೂರಕ್ಕೂ ಕಾರಣ ಬೇರೆ ಬೇರೆ.

ಶ್ರುತಿ ಇಳಿಯುವುದಕ್ಕೆ ಕಾರಣ ಬೋರ್ಡ್ ಅಲ್ಲ, ನೀವು ಹಾಕಿದ 1 ಕೆ. ವಿಸಿಎ ತೆರೆದಾಗ 12ಎಯು7 ಎರಡು ಮಿಲಿಆಂಪ್ ಹೆಚ್ಚಿಗೆ ಎಳೆದರೆ 1 ಕೆ ಮೇಲೆ 2 ವೋಲ್ಟ್ ಹೋಗುತ್ತದೆ. ನಿಮ್ಮ ಮೀಟರ್ ತೋರಿಸುತ್ತಿರುವುದೂ ಅದನ್ನೇ. ಆಸಿಲೇಟರ್‌ಗಳು ಅದೇ 1 ಕೆ ಆಚೆಗಿರುವುದರಿಂದ ಪೆಟ್ಟು ನೇರವಾಗಿ ಅವಕ್ಕೆ ಬೀಳುತ್ತದೆ.

ಗಿಟಾರ್ ಆಂಪ್ ಕಟ್ಟಿ ಅಭ್ಯಾಸ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿ 200ಕ್ಕೆ 2 ವೋಲ್ಟ್ ಇಳಿದರೆ ಯಾರಿಗೂ ಕೇಳಿಸದು. ಥೈರಾಟ್ರಾನ್ ಆಸಿಲೇಟರ್‌ನಲ್ಲಿ ಲೆಕ್ಕವೇ ಬೇರೆ. ಕೆಪಾಸಿಟರ್ ರೆಸಿಸ್ಟರ್ ಮೂಲಕ ತುಂಬುತ್ತಾ ಬರುತ್ತದೆ, ಫೈರಿಂಗ್ ವೋಲ್ಟೇಜ್ ಮುಟ್ಟಿದ ಕ್ಷಣ ವಾಲ್ವ್ ಹೊತ್ತಿಕೊಂಡು ಅದನ್ನು ಖಾಲಿ ಮಾಡುತ್ತದೆ. ಹೊತ್ತಿದಾಗ 2ಡಿ21 ಮೇಲೆ ಉಳಿಯುವುದು ಸುಮಾರು 8 ವೋಲ್ಟ್. ಫೈರಿಂಗ್ 60 ವೋಲ್ಟ್‌ಗೆ ಇದೆ ಅನ್ನಿ. ಸಪ್ಲೈ 200 ಇದ್ದರೆ 192ನ್ನು 140ರಿಂದ ಭಾಗಿಸಿ ನ್ಯಾಚುರಲ್ ಲಾಗ್ ತೆಗೆಯಿರಿ: 0.316. 1 ಎಂ (ಮೆಗಾಓಮ್), 10 ನ್ಯಾನೊಫ್ಯಾರಡ್ ಹಾಕಿದರೆ ಒಂದು ಸುತ್ತು 3.16 ಮಿಲಿಸೆಕೆಂಡ್, ಅಂದರೆ ಸುಮಾರು 317 ಹರ್ಟ್ಸ್. ಈಗ ಸಪ್ಲೈ 202 ಮಾಡಿ. ಲಾಗ್ 0.312 ಆಗುತ್ತದೆ, ಶ್ರುತಿ 21 ಸೆಂಟ್ (ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ಏರುತ್ತದೆ. ನಮ್ಮ ಸಂಗೀತಶಾಸ್ತ್ರದಲ್ಲಿ ಪ್ರಮಾಣ ಶ್ರುತಿ ಎನ್ನುವ 81/80 ಅಂತರ 21.5 ಸೆಂಟ್. ಒಂದು ಇಡೀ ಪ್ರಮಾಣ ಶ್ರುತಿ ನಿಮ್ಮ 1 ಕೆ ರೆಸಿಸ್ಟರ್‌ನಲ್ಲಿ ಹೋಗುತ್ತಿದೆ. ವಾಲ್ವ್ ಸಿಂಥ್‌ನಲ್ಲಿ ಪವರ್ ಸಪ್ಲೈ ಅಂದರೆ ತಂಬೂರಿಯ ಬಿರಡೆ ಇದ್ದ ಹಾಗೆ, ಅದು ಸಡಿಲವಾದರೆ ತಂತಿ ಎಷ್ಟು ಒಳ್ಳೆಯದಿದ್ದರೂ ಉಪಯೋಗವಿಲ್ಲ.

ಪರಿಹಾರ: ಕವಲು ಬೇರೆ ಮಾಡಿ. ವಿಸಿಎ, ಮಿಕ್ಸರ್ ಒಂದು ಕವಲು. ಆಸಿಲೇಟರ್‌ಗಳಿಗೆ ತಮ್ಮದೇ ರೆಗ್ಯುಲೇಟರ್. ಅವು ಎಳೆಯುವುದು ಒಂದು ಮಿಲಿಆಂಪ್ ಸಹ ಇಲ್ಲ, ಹಾಗಾಗಿ ಎಲ್‌ಆರ್8 ರೆಗ್ಯುಲೇಟರ್ ಐಸಿ ಸಾಕು. ಇನ್‌ಪುಟ್ 450 ವೋಲ್ಟ್‌ವರೆಗೆ ತಡೆಯುತ್ತದೆ, 10 ಮಿಲಿಆಂಪ್ ಕೊಡುತ್ತದೆ, ನೋಡಲು ಸಾಮಾನ್ಯ ಟ್ರಾನ್ಸಿಸ್ಟರ್‌ನಷ್ಟೇ ಇರುತ್ತದೆ. ಔಟ್‌ಪುಟ್ ಮತ್ತು ಅಡ್ಜಸ್ಟ್ ನಡುವೆ 1.8 ಕೆ, ಅಡ್ಜಸ್ಟ್‌ನಿಂದ ಗ್ರೌಂಡ್‌ಗೆ 110 ಕೆ ಎರಡು ಸರಣಿಯಲ್ಲಿ ಹಾಕಿದರೆ ಸುಮಾರು 150 ವೋಲ್ಟ್ ಬರುತ್ತದೆ. ಅದಕ್ಕೆ ಕನಿಷ್ಠ ಅರ್ಧ ಮಿಲಿಆಂಪ್ ಲೋಡ್ ಬೇಕು, ಈ ಡಿವೈಡರ್ ಒಂದೇ ಅದನ್ನು ಪೂರೈಸುತ್ತದೆ. ಔಟ್‌ಪುಟ್ ಮೇಲೆ 1 ಮೈಕ್ರೊಫ್ಯಾರಡ್ ಇರಲೇಬೇಕು. 150 ವೋಲ್ಟ್‌ನಲ್ಲಿ ಅದೇ ಸ್ವರ ಬೇಕಿದ್ದರೆ 1 ಎಂ ಬದಲು 680 ಕೆ ಹಾಕಿ.

ಇನ್ನು ಗೊರಗೊರ. ಎಂಸಿ34063 ಕೆಲಸ ಮಾಡುವ ರೀತಿಯೇ ಹಾಗೆ. ವೋಲ್ಟೇಜ್ ಸಾಕಷ್ಟಿದ್ದರೆ ಪಲ್ಸ್‌ಗಳನ್ನು ನಿಲ್ಲಿಸಿಬಿಡುತ್ತದೆ, ಇಳಿದರೆ ಮತ್ತೆ ಒಂದು ಗುಂಪು ಬಿಡುತ್ತದೆ. ಒಳಗಿನ ಆಸಿಲೇಟರ್ 70 ಕಿಲೋಹರ್ಟ್ಸ್‌ನಲ್ಲಿದ್ದರೂ ಆ ಗುಂಪುಗಳು ಸೆಕೆಂಡಿಗೆ ಕೆಲವು ನೂರು ಸಲ ಬರಬಹುದು, ಅದು ನೇರವಾಗಿ ಕಿವಿಗೆ ಬೀಳುವ ಜಾಗ. ಲೋಡ್ ಬದಲಾದರೆ ಗುಂಪುಗಳ ಅಂತರವೂ ಬದಲಾಗುತ್ತದೆ, ಅದಕ್ಕೇ ಸ್ವರ ಬದಲಾಗುವುದು. ನಿಕ್ಸಿ ಗಡಿಯಾರಕ್ಕೆ ಇದರಿಂದ ಏನೂ ಆಗುವುದಿಲ್ಲ. ಸಿಂಥ್‌ಗೆ ಆಗುತ್ತದೆ.

ಶಿಳ್ಳೆ ಎರಡು ಕನ್ವರ್ಟರ್‌ಗಳ ನಡುವಿನ ಬೀಟ್. ಒಂದು 70, ಇನ್ನೊಂದು 71 ಕಿಲೋಹರ್ಟ್ಸ್ ಇದ್ದರೆ ವಾಲ್ವ್ ಗ್ರಿಡ್‌ನಲ್ಲಿ ಅವೆರಡೂ ಬೆರೆತು 1 ಕಿಲೋಹರ್ಟ್ಸ್ ಹುಟ್ಟುತ್ತದೆ. ಇಡೀ ಕೇಸಿಗೆ ಹೈವೋಲ್ಟೇಜ್ ಒಂದೇ ಕಡೆ ಮಾಡಿ ಹಂಚುವುದು ಉತ್ತಮ.

ತಂತಿಮನೆ

ಲೆಕ್ಕ ಸ್ಪಷ್ಟವಾಯಿತು ಸರ್. ಹಾಗಾದರೆ ಎಂಸಿ34063 ಬಿಟ್ಟು ಯಾವುದನ್ನು ಹಿಡಿಯಲಿ? ಬಿಡಿಭಾಗಗಳ ಬೆಲೆ ಸಮೇತ ಹೇಳಿದರೆ ಒಳ್ಳೆಯದು.

ಮೈಕ್ರೊಹೆನ್ರಿ

ಯುಸಿ3843 ಅನ್ನುವ ಕನ್ವರ್ಟರ್ ಕಂಟ್ರೋಲ್ ಐಸಿ. ಫ್ರೀಕ್ವೆನ್ಸಿ ಸ್ಥಿರವಾಗಿರುತ್ತದೆ, ಪ್ರತಿ ಪಲ್ಸ್‌ನಲ್ಲೂ ಕರೆಂಟ್ ನೋಡಿ ನಿಲ್ಲಿಸುತ್ತದೆ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಬೆಲೆ ದಿನಕ್ಕೊಂದು, ಅದನ್ನು ಬರೆಯುವುದಿಲ್ಲ. ಅಂಗಡಿಯವರು 3842 ಕೊಟ್ಟು "ಎರಡೂ ಒಂದೇ" ಅಂದರೆ ತೆಗೆದುಕೊಳ್ಳಬೇಡಿ. 3842 ಎದ್ದೇಳಲು 16 ವೋಲ್ಟ್ ಬೇಕು, 12ರಲ್ಲಿ ಅಲುಗುವುದೇ ಇಲ್ಲ. 3843 ಸುಮಾರು 8.4ಕ್ಕೆ ಶುರುವಾಗುತ್ತದೆ. 3845 ಕೂಡ ಬೇಡ, ಅದರ ಡ್ಯೂಟಿ (ಒಂದು ಸುತ್ತಿನಲ್ಲಿ ಸ್ವಿಚ್ ಆನ್ ಇರುವ ಪಾಲು) ಅರ್ಧಕ್ಕೆ ನಿಲ್ಲುತ್ತದೆ.

ಲೆಕ್ಕ ಹೀಗೆ. ಔಟ್‌ಪುಟ್ 4 ವ್ಯಾಟ್, ದಕ್ಷತೆ 80 ಶೇಕಡಾ ಹಿಡಿದರೆ ಕಾಯಿಲ್ ಸಾಗಿಸಬೇಕಾದ್ದು 5 ವ್ಯಾಟ್. ಪಿನ್ 8ರಿಂದ ಪಿನ್ 4ಕ್ಕೆ 10 ಕೆ, ಪಿನ್ 4ರಿಂದ ಗ್ರೌಂಡ್‌ಗೆ 2.2 ನ್ಯಾನೊ: ಫ್ರೀಕ್ವೆನ್ಸಿ ಸುಮಾರು 78 ಕಿಲೋಹರ್ಟ್ಸ್. ಕಾಯಿಲ್ 100 ಮೈಕ್ರೊಹೆನ್ರಿ ಇದ್ದರೆ ಪೀಕ್ ಕರೆಂಟ್ 1.13 ಆಂಪ್. ಅಷ್ಟಕ್ಕೆ ಏರಲು 12 ವೋಲ್ಟ್‌ನಲ್ಲಿ 9.4 ಮೈಕ್ರೊಸೆಕೆಂಡ್ ಬೇಕು, ಇಳಿಯಲು 0.6 ಸಾಕು. ಒಂದು ಸುತ್ತು 12.8. ಅಂದರೆ ಪ್ರತಿ ಸುತ್ತಿನಲ್ಲೂ ಕಾಯಿಲ್ ಪೂರ್ತಿ ಖಾಲಿಯಾಗುತ್ತದೆ, ಅದೇ ನಮಗೆ ಬೇಕಾದ್ದು. ಕಾಯಿಲ್‌ನಲ್ಲಿ ಕರೆಂಟ್ ಉಳಿಸಿಕೊಂಡು 12ರಿಂದ 200 ಮಾಡಲು ಹೋದರೆ ಡ್ಯೂಟಿ 94 ಶೇಕಡಾ ಬೇಕು, ಆ ಸರ್ಕ್ಯೂಟ್‌ನ ಲೂಪ್ ಹಿಡಿತಕ್ಕೆ ಸಿಗುವುದಿಲ್ಲ.

ಕಾಯಿಲ್ ಸ್ಯಾಚುರೇಶನ್ (ಕೋರ್ ತುಂಬಿ ಕಾಯಿಲ್ ಕರೆಂಟನ್ನು ತಡೆಯಲಾಗದ ಮಿತಿ) 3 ಆಂಪ್ ಇರಲಿ. 1.13ಕ್ಕೆ ಯಾಕೆ 3 ಅಂತ ಕೇಳಬಹುದು. ಆನ್ ಮಾಡಿದ ಕ್ಷಣದಲ್ಲಿ ಔಟ್‌ಪುಟ್ ಇನ್ನೂ 12ರ ಆಸುಪಾಸಿನಲ್ಲೇ ಇರುತ್ತದೆ, ಕಾಯಿಲ್ ಖಾಲಿಯಾಗಲು ವೋಲ್ಟೇಜ್ ಅಂತರವೇ ಇರುವುದಿಲ್ಲ, ಕರೆಂಟ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅದನ್ನು ತಡೆಯುವುದು ಸ್ವಿಚ್ ಆಗಿರುವ ಟ್ರಾನ್ಸಿಸ್ಟರ್, ಅಂದರೆ ಮಾಸ್‌ಫೆಟ್‌ನ ಸೋರ್ಸ್‌ನಲ್ಲಿರುವ 0.47 ಓಮ್: 2.1 ಆಂಪ್‌ನಲ್ಲಿ ಐಸಿ ಕತ್ತರಿಸುತ್ತದೆ. ಅಷ್ಟರೊಳಗೆ ಕಾಯಿಲ್ ಸ್ಯಾಚುರೇಟ್ ಆದರೆ ಮಾಸ್‌ಫೆಟ್ ಹೋಯಿತು. 0.47ರಿಂದ ಪಿನ್ 3ಕ್ಕೆ 1 ಕೆ, ಅಲ್ಲಿಂದ ಗ್ರೌಂಡ್‌ಗೆ 470 ಪಿಕೊ. ಇದನ್ನು ಬಿಟ್ಟರೆ ಆನ್ ಆಗುವಾಗಿನ ಚೂಪು ಮುಳ್ಳಿಗೇ ಐಸಿ ಮೋಸ ಹೋಗಿ ಪಲ್ಸ್ ಕತ್ತರಿಸುತ್ತದೆ.

ಮಾಸ್‌ಫೆಟ್ ಐಆರ್‌ಎಫ್740, 400 ವೋಲ್ಟ್‌ನದು. ಡ್ರಾಯರ್‌ನಲ್ಲಿ ಇದೆ ಅಂತ ಐಆರ್‌ಎಫ್‌ಝಡ್44 ಹಾಕಬೇಡಿ, ಅದು 55–60 ವೋಲ್ಟ್‌ನದು, ಮೊದಲ ಪಲ್ಸ್‌ಗಳಲ್ಲೇ ಶಾರ್ಟ್ ಆಗುತ್ತದೆ. ಪಿನ್ 6ರಿಂದ ಗೇಟ್‌ಗೆ 10 ಓಮ್, ಗೇಟ್‌ನಿಂದ ಗ್ರೌಂಡ್‌ಗೆ 10 ಕೆ. ಡಯೋಡ್ ಯುಎಫ್4007. 1ಎನ್4007 ನೋಡಲು ಹಾಗೇ ಇದ್ದರೂ ನಿಧಾನ. ಈ ವೇಗದಲ್ಲಿ ಹಿಂದಕ್ಕೂ ಹರಿಸುತ್ತದೆ, ಬೆರಳಿಟ್ಟರೆ ಸುಡುವಷ್ಟು ಬಿಸಿಯಾಗಿ ಕೊನೆಗೆ ಸಾಯುತ್ತದೆ.

ಔಟ್‌ಪುಟ್‌ಗೆ 22 ಮೈಕ್ರೊಫ್ಯಾರಡ್ 350 ವೋಲ್ಟ್ 105 ಡಿಗ್ರಿ, ಅದಕ್ಕೆ ಅಂಟಿಕೊಂಡ ಹಾಗೆ 0.1 ಮೈಕ್ರೊ 630 ವೋಲ್ಟ್ ಫಿಲ್ಮ್. ಫೀಡ್‌ಬ್ಯಾಕ್ ಮೇಲೆ 180 ಕೆ ಎರಡು ಸರಣಿ, ಕೆಳಗೆ 4.7 ಕೆ, ಪಿನ್ 2ಕ್ಕೆ. ಪಿನ್ 2 ಹಿಡಿದಿಡುವುದು 2.5 ವೋಲ್ಟ್, ಹಾಗಾಗಿ ಔಟ್‌ಪುಟ್ 194. ಒಂದೇ 360 ಕೆ ಯಾಕೆ ಬೇಡ ಅಂದರೆ ಸಾಮಾನ್ಯ ಕಾಲು ವ್ಯಾಟ್ ರೆಸಿಸ್ಟರ್ ತಡೆಯುವ ವೋಲ್ಟೇಜ್ 200–250 ಅಷ್ಟೇ. ವ್ಯಾಟ್ ಲೆಕ್ಕ ಸರಿಯಿದ್ದರೂ ವೋಲ್ಟೇಜ್ ಲೆಕ್ಕದಲ್ಲಿ ಸಾಯುತ್ತದೆ. ಪಿನ್ 1 ಮತ್ತು 2ರ ನಡುವೆ 470 ಕೆ, 10 ನ್ಯಾನೊ ಸರಣಿಯಲ್ಲಿ, ಅವೆರಡರ ಮೇಲೆ 100 ಪಿಕೊ.

ಟ್ರಿಮ್‌ಪಾಟ್ ಬೇಕಿದ್ದರೆ ಕೆಳಗಿನ ರೆಸಿಸ್ಟರ್ ಜೊತೆ ಸರಣಿಯಲ್ಲಿ ಹಾಕಿ, ಮೇಲೆ ಎಂದಿಗೂ ಬೇಡ. ಕೆಳಗಿನದು ಬಿಟ್ಟುಹೋದರೆ ವೋಲ್ಟೇಜ್ ಇಳಿಯುತ್ತದೆ. ಮೇಲಿನದು ಬಿಟ್ಟುಹೋದರೆ ಐಸಿ "ಔಟ್‌ಪುಟ್ ಸೊನ್ನೆ ಇದೆ" ಅಂತ ತಿಳಿದು ಏರಿಸುತ್ತಲೇ ಹೋಗುತ್ತದೆ, ಕೆಪಾಸಿಟರ್ ಸಿಡಿಯುತ್ತದೆ. ಅದಕ್ಕೆ ಔಟ್‌ಪುಟ್ ಮೇಲೆ ಪಿ6ಕೆಇ250ಎ (ಮಿತಿ ಮೀರಿದ ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಡಯೋಡ್) ಒಂದನ್ನು ಅಡ್ಡಲಾಗಿ ಹಾಕಿ, ಇನ್‌ಪುಟ್‌ಗೆ 1 ಆಂಪ್ ಸ್ಲೋ ಫ್ಯೂಸ್ ಹಾಕಿ. ಏರಿದರೆ ಅದು ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ, ಅಷ್ಟಕ್ಕೆ ಮುಗಿಯುತ್ತದೆ.

ಹಳೇವಾಲ್ವ್

ಇಷ್ಟೆಲ್ಲ ಯಾಕೆ? ಎರಡು ಟ್ರಾನ್ಸ್‌ಫಾರ್ಮರ್ ಬೆನ್ನಿಗೆ ಬೆನ್ನು ಜೋಡಿಸಿದರೆ ಸ್ವಿಚಿಂಗ್ ಗಲಾಟೆಯೇ ಇರುವುದಿಲ್ಲ. ಮೊದಲನೆಯದು 230ಕ್ಕೆ 12 ವೋಲ್ಟ್ 3 ಆಂಪ್, ಹೀಟರ್‌ಗಳಿಗೂ ಅದೇ. ಎರಡನೆಯದು 12 ವೋಲ್ಟ್ 1 ಆಂಪ್, ತಿರುಗಿಸಿ ಹಾಕಿದ್ದು. ಅದರಿಂದ 230 ಪೂರ್ತಿ ಬರುವುದಿಲ್ಲ. ಸಣ್ಣ ಟ್ರಾನ್ಸ್‌ಫಾರ್ಮರ್ ಸುತ್ತುವಾಗ ನಷ್ಟ ತುಂಬಲು ಸೆಕೆಂಡರಿಗೆ ನಾಲ್ಕು ಸುತ್ತು ಹೆಚ್ಚು ಹಾಕಿರುತ್ತಾರೆ, ತಿರುಗಿಸಿದಾಗ ಅದು ನಮಗೆ ಉಲ್ಟಾ ಹೊಡೆಯುತ್ತದೆ. 190 ಎಸಿ ಬಂದರೂ ಬ್ರಿಡ್ಜ್ ಆದಮೇಲೆ ಸುಮಾರು 265 ಡಿಸಿ.

ಅಲ್ಲಿಂದ 0ಎ2 ಗ್ಯಾಸ್ ರೆಗ್ಯುಲೇಟರ್ ವಾಲ್ವ್‌ನಿಂದ 150 ವೋಲ್ಟ್. ಒಂದು ಆರ್‌ಸಿ (ರೆಸಿಸ್ಟರ್, ಕೆಪಾಸಿಟರ್) ಫಿಲ್ಟರ್ ಆದಮೇಲೆ 250 ಉಳಿದಿದೆ ಅನ್ನಿ: 100 ವೋಲ್ಟ್ ಕಳೆಯಬೇಕು, ವಾಲ್ವ್‌ಗೆ 15, ಲೋಡ್‌ಗೆ 5, ಒಟ್ಟು 20 ಮಿಲಿಆಂಪ್. 4.7 ಕೆ 5 ವ್ಯಾಟ್ ಹಾಕಿ. 0ಎ2 ಒಳಗಿನ ಕರೆಂಟ್ 5ರಿಂದ 30 ಮಿಲಿಆಂಪ್ ನಡುವೆ ಇರಬೇಕು. ಹೊತ್ತಿಕೊಳ್ಳಲು 185 ವೋಲ್ಟ್ ಆದರೂ ಬೇಕು. ಅದರ ಮೇಲೆ ದೊಡ್ಡ ಕೆಪಾಸಿಟರ್ ಹಾಕಿ "ಸ್ವಚ್ಛ" ಮಾಡಲು ಹೋಗಬೇಡಿ, 0.1 ಮೈಕ್ರೊಫ್ಯಾರಡ್ ದಾಟಿದರೆ 0ಎ2 ತಾನೇ ಆಸಿಲೇಟರ್ ಆಗುತ್ತದೆ.

ಮೈಕ್ರೊಹೆನ್ರಿ

ಹಳೇವಾಲ್ವ್ ಅವರೇ, ಗಲಾಟೆ ಇಲ್ಲ ಅನ್ನುವುದನ್ನು ಒಪ್ಪುವುದು ಕಷ್ಟ. 47 ಮೈಕ್ರೊಫ್ಯಾರಡ್ ಮೇಲೆ 20 ಮಿಲಿಆಂಪ್ ಎಳೆದರೆ 100 ಹರ್ಟ್ಸ್ ರಿಪಲ್ (ಡಿಸಿ ಮೇಲೆ ಉಳಿಯುವ ಏರಿಳಿತ) ಸುಮಾರು 4.3 ವೋಲ್ಟ್. ಸ್ಟಾರ್‌ಗ್ರೌಂಡ್ ಅವರ ಲೆಕ್ಕದಲ್ಲಿ ಅದು 45 ಸೆಂಟ್ ವೈಬ್ರೇಟೊ, ಸೆಕೆಂಡಿಗೆ ನೂರು ಸಲ. ಹಮ್ ಆಗಿ ಕೇಳಿಸುವುದಿಲ್ಲ, ಸ್ವರವೇ ಒರಟಾಗುತ್ತದೆ. 78 ಕಿಲೋಹರ್ಟ್ಸ್ ರಿಪಲ್ ಒಂದು ಸಣ್ಣ ಆರ್‌ಸಿಯಲ್ಲಿ ಹೋಗುತ್ತದೆ. 100 ಹರ್ಟ್ಸ್ ಕಳೆಯಲು ನಿಜಕ್ಕೂ ಬೆವರು ಹರಿಸಬೇಕು.

ಹಳೇವಾಲ್ವ್

0ಎ2 ಆ 4.3 ವೋಲ್ಟನ್ನು ಬಹಳ ಕೆಳಗೆ ಇಳಿಸುತ್ತದೆ, ಅದರ ಹಿಂದಿನ ಆರ್‌ಸಿ ಕೂಡ ಇದೆ. ಆದರೆ ನಿಮ್ಮ ಮಾತು ತಪ್ಪಲ್ಲ, ಆಸಿಲೇಟರ್‌ಗೆ ನೇರ ಬ್ರಿಡ್ಜ್‌ನಿಂದ ಕೊಡಲೇಬಾರದು. ಟ್ರಾನ್ಸ್‌ಫಾರ್ಮರ್ ಕೇಸಿನೊಳಗೂ ಬೇಡ, ಅದರ ಫೀಲ್ಡ್ ಗ್ರಿಡ್ ವೈರ್ ಹುಡುಕಿಕೊಂಡು ಬರುತ್ತದೆ. ಹೊರಗೆ ಪೆಟ್ಟಿಗೆ ಮಾಡಿ. ಪೆಟ್ಟಿಗೆಯಿಂದ ಬರುವ ಕನೆಕ್ಟರ್‌ನಲ್ಲಿ ವೋಲ್ಟೇಜ್ ಇರುವ ಕಡೆ ಸಾಕೆಟ್ ಇರಬೇಕು, ಪಿನ್ ಅಲ್ಲ. ಕಳಚಿದಾಗ ಬೆರಳಿಗೆ 200 ವೋಲ್ಟ್ ಸಿಗಬಾರದು.

ಇನ್ನೊಂದು ಮಾತು, ಓದುವವರಲ್ಲಿ ಯಾರಾದರೂ ಮಾಡಿಬಿಟ್ಟಾರು ಅಂತ: ಟ್ರಾನ್ಸ್‌ಫಾರ್ಮರ್ ಇಲ್ಲದೆ ಮೇನ್ಸ್‌ನಿಂದಲೇ ಡಯೋಡ್ ಹಾಕಿ 325 ವೋಲ್ಟ್ ತೆಗೆಯಬೇಡಿ. ಫೇಸ್, ನ್ಯೂಟ್ರಲ್ ಅದಲುಬದಲಾದರೆ ಪ್ಯಾಚ್ ಕೇಬಲ್ ಮುಟ್ಟಿದವರು ಫೇಸ್ ಮುಟ್ಟಿದಂತೆ.

ಗ್ರಿಡ್‌ಲೀಕ್

ಎಲ್ಲರೂ 200 ವೋಲ್ಟ್ ಕಡೆ ನೋಡುತ್ತಿದ್ದೀರಿ. 2ಡಿ21ರ ಗ್ರಿಡ್ ಕಡೆ ಯಾರೂ ನೋಡಿಲ್ಲ.

2ಡಿ21ರ ಕಂಟ್ರೋಲ್ ರೇಶಿಯೊ ಸುಮಾರು 250. ಗ್ರಿಡ್ ವೋಲ್ಟೇಜ್ 1 ಮಿಲಿವೋಲ್ಟ್ ಅಲುಗಿದರೆ ಫೈರಿಂಗ್ ವೋಲ್ಟೇಜ್ ಕಾಲು ವೋಲ್ಟ್ ಅಲುಗುತ್ತದೆ. 60 ಇದ್ದದ್ದು 60.25 ಆಯಿತು. ಮೇಲಿನ ಸೂತ್ರಕ್ಕೇ ಹಾಕಿ ನೋಡಿ, ಸುಮಾರು 10 ಸೆಂಟ್ ಬರುತ್ತದೆ. ಕೆಳಗಿನ ವೋಲ್ಟೇಜ್‌ಗಳಲ್ಲಿ ಆ ಗೆರೆ ಬಾಗುವುದರಿಂದ ಇದು ಕಾಗದದ ಲೆಕ್ಕ, ಆದರೂ ಅಳತೆ ಯಾವ ಮಟ್ಟದ್ದು ಅಂತ ತಿಳಿಯುತ್ತದೆ. 200 ವೋಲ್ಟ್‌ನಲ್ಲಿ 1 ವೋಲ್ಟ್ ಮಾಡುವ ಹಾನಿಯನ್ನು ಗ್ರಿಡ್‌ನಲ್ಲಿ 1 ಮಿಲಿವೋಲ್ಟ್ ಮಾಡುತ್ತದೆ.

ಗ್ರಿಡ್‌ಗೆ ನೆಗೆಟಿವ್ ಬಯಾಸ್ (ಸ್ಥಿರ ವೋಲ್ಟೇಜ್) ಎಲ್ಲಿಂದ ಬರುತ್ತಿದೆ? ಕೇಸಿನ ಪವರ್ ಬಸ್ಸಿನ −12 ವೋಲ್ಟ್‌ನಿಂದ ನೇರ ಡಿವೈಡರ್ ಇದ್ದರೆ, ಕೇಸಿನಲ್ಲಿರುವ ಎಲ್ಲ ಮಾಡ್ಯೂಲ್‌ಗಳ ಗಲಾಟೆಯೂ ಶ್ರುತಿಗೆ ಸೇರುತ್ತದೆ. −12ನ್ನು 100 ಓಮ್, 100 ಮೈಕ್ರೊಫ್ಯಾರಡ್ ಮೂಲಕ ತಂದು, ಟಿಎಲ್431 ರೆಗ್ಯುಲೇಟರ್ ಐಸಿ ಒಂದರಿಂದ −5 ಮಾಡಿ, ಆ −5ರಿಂದ ಮಾತ್ರ ಬಯಾಸ್ ತೆಗೆಯಿರಿ. ನಿಮ್ಮ ಗೊರಗೊರದ ಒಂದು ಪಾಲು ಈ ದಾರಿಯಲ್ಲೇ ಬರುತ್ತಿರಬಹುದು. ಪರೀಕ್ಷೆ ಸುಲಭ: ಗ್ರಿಡ್ ಬಯಾಸನ್ನು 9 ವೋಲ್ಟ್ ಬ್ಯಾಟರಿ, ಒಂದು ಪಾಟ್‌ನಿಂದ ಕೊಟ್ಟು ಕೇಳಿ.

ತಂತಿಮನೆ

ಹೌದು, −12ರಿಂದ ನೇರ ಡಿವೈಡರ್. ಬ್ಯಾಟರಿ ಹಾಕಿ ಕೇಳಿದರೆ ಗೊರಗೊರ ಅರ್ಧಕ್ಕಿಂತ ಕಡಿಮೆ. ಪೂರ್ತಿ ಹೋಗಿಲ್ಲ.

ಸ್ಟಾರ್‌ಗ್ರೌಂಡ್

ಉಳಿದ ಅರ್ಧ ಪಲ್ಸ್ ಗುಂಪುಗಳದ್ದು. ಗ್ರಿಡ್‌ಲೀಕ್ ಹೇಳಿದ್ದರ ಜೊತೆಗೆ ಗ್ರೌಂಡ್ ಕೂಡ ನೋಡಿ, ಅದೂ ಮಿಲಿವೋಲ್ಟ್‌ಗಳ ಮಾತು.

ನಿಮ್ಮ ಹೀಟರ್‌ಗಳು ಒಟ್ಟು 0.9 ಆಂಪ್, ಕನ್ವರ್ಟರ್ ಇನ್ನೊಂದು 0.42. ಸುಮಾರು 1.3 ಆಂಪ್ ರಿಬ್ಬನ್ ಕೇಬಲ್‌ನ ಗ್ರೌಂಡ್ ಮೂಲಕ ವಾಪಸ್ ಹೋಗುತ್ತಿದೆ. ಸಿಂಥ್‌ನ ಕಂಟ್ರೋಲ್ ವೋಲ್ಟೇಜ್ 1 ವೋಲ್ಟ್ ಏರಿದರೆ ಶ್ರುತಿ ಒಂದು ಆಕ್ಟೇವ್ ಏರುತ್ತದೆ, ಅಂದರೆ 1 ಸೆಂಟ್ 0.83 ಮಿಲಿವೋಲ್ಟ್. ಗ್ರೌಂಡ್ ದಾರಿಯಲ್ಲಿ 5 ಮಿಲಿಓಮ್ ಇದ್ದರೂ ಸಾಕು, 6.5 ಮಿಲಿವೋಲ್ಟ್, ಸುಮಾರು 8 ಸೆಂಟ್. ಹತ್ತು ಪಿನ್ ಹೆಡರ್‌ನಲ್ಲಿ +12ಕ್ಕೆ ಇರುವುದು ಎರಡೇ ಪಿನ್, ಒಂದೊಂದು ಪಿನ್ನಿಗೆ ಸಾಮಾನ್ಯವಾಗಿ 1 ಆಂಪ್ ಮಿತಿ. ಹೀಟರ್‌ಗೆ ಬಸ್ ಬೋರ್ಡಿನ ಸ್ಕ್ರೂ ಟರ್ಮಿನಲ್‌ನಿಂದ ಬೇರೆ ಜೋಡಿ ವೈರ್ ಎಳೆಯಿರಿ, ಹೋಗುವುದೂ ಬರುವುದೂ ಹೆಣೆದದ್ದು. ಕನ್ವರ್ಟರ್ ಗ್ರೌಂಡ್ ಅದೇ ಬಿಂದುವಿಗೆ. ರಿಬ್ಬನ್‌ನಲ್ಲಿ ಸಿಗ್ನಲ್ ಗ್ರೌಂಡ್ ಮಾತ್ರ ಉಳಿಯಲಿ.

ಬೆಸುಗೆಹೊಗೆ

ತಂತಿಮನೆ ಅವರ, ಹೀಟರ್ ಬಗ್ಗೆ ಒಂದು ಮಾತು ಹೇಳ್ತೀನ್ರಿ. ತಣ್ಣಗಿದ್ದಾಗ ಹೀಟರ್ ರೆಸಿಸ್ಟನ್ಸ್ ಭಾಳ ಕಡಿಮಿ ಇರ್ತದ, ಆನ್ ಮಾಡಿದ ಕೂಡ್ಲೆ 0.9 ಆಂಪ್ ಎಳಿಯೂದಲ್ಲ, ಅದರ ಎಷ್ಟೋ ಪಟ್ಟು ಎಳೀತದ. ಕೇಸಿನ ಸ್ವಿಚಿಂಗ್ ಸಪ್ಲೈ "ಶಾರ್ಟ್ ಆತು" ಅಂತ ತಿಳಕೊಂಡು ಆಫ್ ಆಗ್ತದ, ಮತ್ತ ಆನ್ ಆಗ್ತದ, ಟಿಕ್ ಟಿಕ್ ಅಂತದ. ಸಪ್ಲೈ ಕೆಟ್ಟೈತಿ ಅಂತ ಬದಲಿ ಮಾಡ್ಬ್ಯಾಡ್ರಿ. ಹೀಟರ್ ದಾರ್ಯಾಗ ಒಂದು ಎನ್‌ಟಿಸಿ (ಬಿಸಿ ಆದಂಗ ರೆಸಿಸ್ಟನ್ಸ್ ಇಳಿಯೂ ರೆಸಿಸ್ಟರ್) ಹಾಕ್ರಿ, ಇಲ್ಲಾ ಪಿ ಚಾನೆಲ್ ಮಾಸ್‌ಫೆಟ್‌ದಿಂದ ಒಂದು ಸೆಕೆಂಡ್ ತೊಗೊಂಡು ನಿಧಾನಕ್ಕ ಏರಿಸ್ರಿ. ಮಾಸ್‌ಫೆಟ್ ಛಲೋ, ಯಾಕಂದ್ರ ಎನ್‌ಟಿಸಿ ಬಿಸಿ ಆದಮ್ಯಾಲೂ ಸ್ವಲ್ಪ ವೋಲ್ಟ್ ತಿಂತದ. 12.6 ಬೇಕಾದಲ್ಲಿ 12 ಐತಿ, ಅಷ್ಟು ಕಡಿಮಿ ನಡೀತದ. ಅದಕ್ಕಿಂತ ಭಾಳ ಇಳಿಸ್ಬ್ಯಾಡ್ರಿ.

ಹೈವೋಲ್ಟೇಜ್ ತಡವಾಗಿ ಬರೂಹಂಗ ಮಾಡ್ರಿ. 12ಎಎಕ್ಸ್7ಗೆ ಅದು ಅಷ್ಟು ಮುಖ್ಯ ಅಲ್ಲ, ಆದ್ರ ಥೈರಾಟ್ರಾನ್‌ಗೆ ಮುಖ್ಯ. 2ಡಿ21 ಕ್ಯಾಥೋಡ್ ಕಾಯೂದಕ್ಕ ಕನಿಷ್ಠ 10 ಸೆಕೆಂಡ್ ಬೇಕು, ಅದರೊಳಗ ಪ್ಲೇಟ್ ಕರೆಂಟ್ ಹರಿದ್ರ ಕ್ಯಾಥೋಡ್ ಮ್ಯಾಲಿನ ಲೇಪ ಹಾಳಾಗ್ತದ. 555 ಟೈಮರ್ ಐಸಿ ಒಂದು, 270 ಕೆ, 100 ಮೈಕ್ರೊಫ್ಯಾರಡ್, 30 ಸೆಕೆಂಡ್ ಬರ್ತದ. ಅಷ್ಟೊತ್ತು ಬಿಸಿ547 ಟ್ರಾನ್ಸಿಸ್ಟರ್ ಒಂದು ಯುಸಿ3843ದ ಪಿನ್ 1ನ್ನ ಗ್ರೌಂಡಿಗೆ ಹಿಡಕೊಂಡಿರ್ಲಿ. ಕನ್ವರ್ಟರ್ ಸುಮ್ನಿರ್ತದ, ಔಟ್‌ಪುಟ್‌ದಾಗ ಕಾಯಿಲ್ ಹಾದು ಬಂದ 12 ವೋಲ್ಟ್ ಅಷ್ಟೇ ಇರ್ತದ.

ತಂತಿಮನೆ

ಧನ್ಯವಾದ. ಬೋರ್ಡ್ ತಯಾರಾದ ಮೇಲೆ ಮೊದಲ ಸಲ ಆನ್ ಮಾಡುವ ಕ್ರಮ ಹೇಗೆ? ವಾಲ್ವ್ ಹಾಕಿಯೇ ಮಾಡಬಹುದಾ?

ಮೈಕ್ರೊಹೆನ್ರಿ

ವಾಲ್ವ್ ಬೇಡ. ಮೊದಲು ಕಾಯಿಲ್ ಕೂಡ ಹಾಕದೆ ಐಸಿಗೆ 12 ಕೊಟ್ಟು ಪಿನ್ 8ರಲ್ಲಿ 5 ವೋಲ್ಟ್, ಪಿನ್ 4ರಲ್ಲಿ ಗರಗಸದ ಹಲ್ಲು, ಗೇಟ್‌ನಲ್ಲಿ 78 ಕಿಲೋಹರ್ಟ್ಸ್ ಇವೆಯಾ ನೋಡಿ. ಆಮೇಲೆ ಪವರ್ ತೆಗೆದು ಕಾಯಿಲ್ ಹಾಕಿ. ಇನ್‌ಪುಟ್ ದಾರಿಯಲ್ಲಿ ಬೈಕಿನ ಇಂಡಿಕೇಟರ್ ಬಲ್ಬ್ 12 ವೋಲ್ಟ್ 10 ವ್ಯಾಟ್ ಸರಣಿಯಲ್ಲಿ ಇರಲಿ, ಏನಾದರೂ ಶಾರ್ಟ್ ಇದ್ದರೆ ಬಲ್ಬ್ ಹೊತ್ತಿ ಹೇಳುತ್ತದೆ, ಮಾಸ್‌ಫೆಟ್ ಉಳಿಯುತ್ತದೆ. ಲೋಡ್ ಇಲ್ಲದೆ 194 ನಿಂತರೆ ಬಲ್ಬ್ ತೆಗೆದು ಔಟ್‌ಪುಟ್‌ಗೆ 10 ಕೆ 10 ವ್ಯಾಟ್ ವೈರ್‌ವೌಂಡ್ ಹಾಕಿ, 19 ಮಿಲಿಆಂಪ್ ಎಳೆಯುತ್ತದೆ. ಹತ್ತು ನಿಮಿಷ ಬಿಡಿ. ಲೋಡ್‌ಗೆ ಜೀರೊ ವ್ಯಾಟ್ ಬಲ್ಬ್ ಹಾಕಬೇಡಿ, ಹೆಸರಿಗೆ ಜೀರೊ, ಎಳೆಯುವುದು 12–15 ವ್ಯಾಟ್.

ಲೋಡ್ ಹಾಕಿದ ಕೂಡಲೇ 120ಕ್ಕೋ 140ಕ್ಕೋ ಇಳಿದರೆ ಕಾಯಿಲ್ ಸ್ಯಾಚುರೇಟ್ ಆಗುತ್ತಿದೆ ಅಥವಾ 0.47 ಬದಲು ದೊಡ್ಡ ಬೆಲೆ ಕೂತಿದೆ. ಸೋರ್ಸ್ ರೆಸಿಸ್ಟರ್ ಮೇಲೆ ಸ್ಕೋಪ್ ಇಡಿ. ನೇರ ಇಳಿಜಾರಿನ ತ್ರಿಕೋನ ಬರಬೇಕು. ತುದಿಯಲ್ಲಿ ಕೊಂಬಿನ ಹಾಗೆ ಮೇಲಕ್ಕೆ ಬಾಗಿದರೆ ಅದೇ ಸ್ಯಾಚುರೇಶನ್. ಡ್ರೈನ್ ನೋಡುವಾಗ ಪ್ರೋಬ್ 10ರಲ್ಲಿ ಇರಲಿ, 1ರಲ್ಲಿ ಬೇಡ.

ಬೋರ್ಡ್ ಬಿಡಿಸುವಾಗ ಒಂದು ಕುಣಿಕೆ ಮುಖ್ಯ: ಮಾಸ್‌ಫೆಟ್ ಡ್ರೈನ್, ಡಯೋಡ್, 0.1 ಫಿಲ್ಮ್, 0.47 ರೆಸಿಸ್ಟರ್, ಮತ್ತೆ ಸೋರ್ಸ್. ಇದು ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗದಿದ್ದರೆ ಅರ್ಧ ಗಲಾಟೆ ಹುಟ್ಟುವುದೇ ಇಲ್ಲ.

ಬೆಸುಗೆಹೊಗೆ

ಬ್ಲೀಡರ್ (ಆಫ್ ಮಾಡಿದ ಮ್ಯಾಲ ಕೆಪಾಸಿಟರ್ ಖಾಲಿ ಮಾಡೂ ರೆಸಿಸ್ಟರ್) ಮರೀಬ್ಯಾಡ್ರಿ. 100 ಕೆ ಅರ್ಧ ವ್ಯಾಟ್ ಎರಡು ಸರಣ್ಯಾಗ ಔಟ್‌ಪುಟ್ ಮ್ಯಾಲ. 22 ಮೈಕ್ರೊಫ್ಯಾರಡ್ 200ರಿಂದ 50ಕ್ಕ ಇಳಿಯಾಕ ಆರು ಸೆಕೆಂಡ್ ಸಾಕು. ಬ್ಲೀಡರ್ ಐತಿ ಅಂತ ನಂಬಿ ಕೈ ಹಾಕ್ಬ್ಯಾಡ್ರಿ, ಅದರ ಬೆಸುಗೆ ಬಿಟ್ಟಿದ್ರ? ಪ್ರತಿ ಸಲ ಮೀಟರ್ ಇಟ್ಟು ನೋಡ್ರಿ. ಉಳಿದಿದ್ರ 4.7 ಕೆ 5 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಟೆಡ್ ಕ್ಲಿಪ್ ಕಟ್ಟಿ ಅದರಿಂದ ಇಳಸ್ರಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸಿದ್ರ ಟ್ರ್ಯಾಕ್ ಹಾರ್ತದ, ಕೆಪಾಸಿಟರ್ ಒಳಗೂ ಪೆಟ್ಟು ಬೀಳ್ತದ. ಆನ್ ಇದ್ದಾಗ ಅಳೀಬೇಕಂದ್ರ ಕಪ್ಪು ಪ್ರೋಬ್ ಮೊದಲೇ ಗ್ರೌಂಡಿಗೆ ಸಿಕ್ಕಿಸಿ ಒಂದೇ ಕೈಲಿಂದ ಅಳೀರಿ.

ಗ್ರಿಡ್‌ಲೀಕ್

ಔಟ್‌ಪುಟ್ ಜ್ಯಾಕ್ ಕಡೆಗೂ ಗಮನ ಇರಲಿ. ಹೈವೋಲ್ಟೇಜ್ ಬಂದ ಕ್ಷಣ ಪ್ಲೇಟ್ ಸೊನ್ನೆಯಿಂದ 190ಕ್ಕೆ ಹಾರುತ್ತದೆ, ಕಪ್ಲಿಂಗ್ ಕೆಪಾಸಿಟರ್ ಆ ಹಾರಿಕೆಯನ್ನು ಪೂರ್ತಿ ಆಚೆ ದಾಟಿಸುತ್ತದೆ. ಪ್ಯಾಚ್ ಆಗಿರುವ ಮುಂದಿನ ಮಾಡ್ಯೂಲ್‌ನ ಆಪ್‌ಆಂಪ್ ಅಲ್ಲಿಗೆ ಮುಗಿಯಿತು. ಹೇಗೂ 50 ವೋಲ್ಟ್ ಸ್ವಿಂಗನ್ನು ಯೂರೋರ‍್ಯಾಕ್ ಮಟ್ಟಕ್ಕೆ ಇಳಿಸಬೇಕಲ್ಲ, ಕಪ್ಲಿಂಗ್ 0.47 ಮೈಕ್ರೊ 630 ವೋಲ್ಟ್ ಆದಮೇಲೆ 100 ಕೆ ಮತ್ತು 22 ಕೆ ಡಿವೈಡರ್, ಆ ಸಂಧಿಯಿಂದ +12, −12ಕ್ಕೆ 1ಎನ್4148 ಒಂದೊಂದು, ಆಮೇಲೆ ಬಫರ್, 1 ಕೆ, ಜ್ಯಾಕ್. ಕಪ್ಲಿಂಗ್ ಕೆಪಾಸಿಟರ್ ಶಾರ್ಟ್ ಆದರೂ 100 ಕೆ ದಾಟಿ ಬರುವುದು 2 ಮಿಲಿಆಂಪ್ ಒಳಗೆ, ಡಯೋಡ್ ಅದನ್ನು ಸುಲಭವಾಗಿ ತಡೆಯುತ್ತದೆ.

ಕೀಲಿಮಣೆ

ಮಧ್ಯೆ ಒಂದು ಪ್ರಶ್ನೆ. ಇದೇ ದಾರಿಯಲ್ಲಿ ಹತ್ತು ಹನ್ನೆರಡು ವಾಲ್ವ್ ನಡೆಸಬಹುದಾ? 50 ಮಿಲಿಆಂಪ್ ಬೇಕಾದರೆ? 1939ರ ಹ್ಯಾಮಂಡ್ ನೋವಾಕಾರ್ಡ್ ಸಿಂಥ್‌ನಲ್ಲಿ 163 ವಾಲ್ವ್ ಇದ್ದವು, ಅಷ್ಟರ ಆಸೆ ಇಲ್ಲ, ನಾಲ್ಕು ವಾಯ್ಸ್ ಸಾಕು. ಬಿಇಎಲ್ ಜಾಲಹಳ್ಳಿಯಲ್ಲಿ 1961ರಿಂದ ಮಾಡಿದ ರಿಸೀವಿಂಗ್ ವಾಲ್ವ್‌ಗಳು ಹಳೇ ರೇಡಿಯೋ ಅಂಗಡಿಗಳಲ್ಲಿ ಸಿಕ್ಕರೆ ಅವನ್ನೇ ಬಳಸುವ ಯೋಚನೆ.

ಮೈಕ್ರೊಹೆನ್ರಿ

10 ವ್ಯಾಟ್‌ಗೆ ಕಾಯಿಲ್ ಬಿಟ್ಟು ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ (ಸ್ವಿಚ್ ಆನ್ ಇದ್ದಾಗ ಶಕ್ತಿ ತುಂಬಿಕೊಂಡು, ಆಫ್ ಆದಾಗ ಸೆಕೆಂಡರಿಗೆ ಕೊಡುವಂಥದ್ದು) ಸುತ್ತಿ. ಐಸಿ, ಫ್ರೀಕ್ವೆನ್ಸಿ ಅದೇ. ಇಇ25 ಫೆರೈಟ್, ನಡುಗಂಬದ ಅಡ್ಡಗೊಯ್ತ 52 ಚದರ ಮಿಮೀ. ಪ್ರೈಮರಿ 8 ಸುತ್ತು, ಸೆಕೆಂಡರಿ 48. ಪ್ರೈಮರಿ 18 ಮೈಕ್ರೊಹೆನ್ರಿ ಬರಬೇಕು, ಅದಕ್ಕೆ ಒಟ್ಟು ಗ್ಯಾಪ್ 0.23 ಮಿಮೀ. ಎರಡೂ ಬದಿಯ ಕಂಬಕ್ಕೆ ಕಾಗದ ಇಟ್ಟು ಮಾಡುವುದಾದರೆ ಅದರ ಅರ್ಧ ದಪ್ಪ, 0.11, ಯಾಕೆಂದರೆ ನಡುಗಂಬದಲ್ಲೂ ಅಷ್ಟೇ ಸಂದು ಬೀಳುತ್ತದೆ. ಪೀಕ್ 4.2 ಆಂಪ್, ಸೋರ್ಸ್ ರೆಸಿಸ್ಟರ್ 0.2 ಓಮ್. ಮಾಸ್‌ಫೆಟ್ ನೋಡುವುದು 12 ಮತ್ತು ಸೆಕೆಂಡರಿಯಿಂದ ಪ್ರತಿಫಲಿಸುವ 33 (200ರ ಆರನೇ ಒಂದು ಪಾಲು) ಸೇರಿ 45 ವೋಲ್ಟ್ ಹಾಗೂ ಲೀಕೇಜ್ ಮುಳ್ಳು, ಆ ಮುಳ್ಳನ್ನು ಹೀರುವ ಸ್ನಬ್ಬರ್ ಹಾಕಿದರೆ 100 ವೋಲ್ಟ್‌ನ ಐಆರ್‌ಎಫ್540 ಸಾಕು. ಡಯೋಡ್ ಮೇಲೆ ಹಿಮ್ಮುಖ 272 ವೋಲ್ಟ್ ಮತ್ತು ರಿಂಗಿಂಗ್, ಆದ್ದರಿಂದ ಯುಎಫ್4007ಗಿಂತ ಕೆಳಗೆ ಇಳಿಯಬೇಡಿ. ಪ್ರೈಮರಿ, ಸೆಕೆಂಡರಿ ನಡುವೆ ಹಳದಿ ಟೇಪ್ ಮೂರು ಸುತ್ತು.

ಸುತ್ತಿನ ದಿಕ್ಕು ಉಲ್ಟಾ ಆದರೆ ಅದು ಫ್ಲೈಬ್ಯಾಕ್ ಆಗಿ ಕೆಲಸ ಮಾಡುವುದಿಲ್ಲ. ಔಟ್‌ಪುಟ್ 72 ವೋಲ್ಟ್ ಆಸುಪಾಸಿನಲ್ಲೇ ನಿಂತು ಮಾಸ್‌ಫೆಟ್ ಕಾಯುತ್ತಿದ್ದರೆ ಸೆಕೆಂಡರಿಯ ಎರಡು ತುದಿ ಅದಲುಬದಲು ಮಾಡಿ.

ತಂತಿಮನೆ

ಯುಸಿ3843 ಬೋರ್ಡ್, ಎಲ್‌ಆರ್8 ಕವಲು, −5 ಬಯಾಸ್, ಹೀಟರ್‌ಗೆ ಬೇರೆ ವೈರ್, ನಾಲ್ಕೂ ಆಯಿತು. ವಿಸಿಎ ತೆರೆದಾಗ ಆಸಿಲೇಟರ್ ಕವಲಿನ ಮೀಟರ್ ಅಲುಗುತ್ತಿಲ್ಲ. ಗೊರಗೊರ ಇಲ್ಲ. ಒಂದು ಉಳಿದಿದೆ: ಆನ್ ಮಾಡಿ ಮೊದಲ ಇಪ್ಪತ್ತು ನಿಮಿಷ ಶ್ರುತಿ ನಿಧಾನಕ್ಕೆ ಜಾರುತ್ತದೆ, ಆಮೇಲೆ ನಿಲ್ಲುತ್ತದೆ.

ಸ್ಟಾರ್‌ಗ್ರೌಂಡ್

ಆ 680 ಕೆ ಯಾವ ಬಗೆಯದು? ಕಾರ್ಬನ್ ಫಿಲ್ಮ್ ಆದರೆ ತೆಗೆದು ಮೆಟಲ್ ಫಿಲ್ಮ್ ಹಾಕಿ. ಎಲ್‌ಆರ್8ರ 110 ಕೆ ಎರಡೂ, ಬಯಾಸ್ ಡಿವೈಡರ್ ಕೂಡ ಮೆಟಲ್ ಫಿಲ್ಮ್ ಇರಲಿ. ಡಿಗ್ರಿಗೆ 100 ಪಿಪಿಎಂ (ಹತ್ತು ಲಕ್ಷಕ್ಕೆ 100 ಪಾಲು) ಇರುವ ರೆಸಿಸ್ಟರ್ 20 ಡಿಗ್ರಿ ಬಿಸಿಯಾದರೆ 0.2 ಶೇಕಡಾ, ಮೂರೂವರೆ ಸೆಂಟ್. ಕಾರ್ಬನ್ ಅದರ ಹಲವು ಪಟ್ಟು. ಇವನ್ನೆಲ್ಲ ವಾಲ್ವ್‌ಗಳಿಂದ ದೂರ, ಬೋರ್ಡಿನ ಕೆಳಭಾಗಕ್ಕೆ ಇಳಿಸಿ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ.